ಸುಳಿವು ಸಿಕ್ಕರೆ ಸಾಕೇ? ಕ್ಯಾನ್ಸರ್ ರಕ್ತಪರೀಕ್ಷೆಯ ಚರಿತ್ರೆ

ಬೆಂಗಳೂರಿನ ಮಾಮೂಲ್‌ಪೇಟೆ, ಚಿಕ್ಕಪೇಟೆಗಳ ಗಲ್ಲಿಗಳಿಂದ ಹೊರಟು ಕೃಷ್ಣರಾಜ ಮಾರುಕಟ್ಟೆ ದಾಟಿ ಕೋಟೆಯ ಕಡೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. 1897ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲು ಹಾಕಿದರು. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಅದನ್ನು ಉದ್ಘಾಟಿಸಿದ. ಆ ಕಾಲದ ವೈದ್ಯನಿಗೆ ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಎಂದು ತಿಳಿಯಲು ಇದ್ದದ್ದು ಕಣ್ಣು ಮತ್ತು ಬೆರಳು. ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು, ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ತಾಕುವ ಯಕೃತ್ತು, ಹೊಟ್ಟೆಯಲ್ಲಿ ತುಂಬಿದ ನೀರು, ಬಿದ್ದರೂ ಎದ್ದರೂ ಕಾಡುವ ಸೊಂಟನೋವು: ಇವು ಕಾಣಿಸುವ ಹೊತ್ತಿಗೆ ರೋಗ ಬಹುದೂರ ಹೋಗಿರುತ್ತಿತ್ತು. ಇಂದು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ರಸ್ತೆ ರಸ್ತೆಯಲ್ಲೂ ಲ್ಯಾಬುಗಳ ಬೋರ್ಡುಗಳಿವೆ. ಬೆಳಿಗ್ಗೆ ಒಂದು ಟ್ಯೂಬು ರಕ್ತ ಕೊಟ್ಟರೆ ಸಂಜೆಗೆ ಸಿಇಎ, ಸಿಎ 125, ಸಿಎ 15-3, ಪಿಎಸ್‌ಎ ಎಂಬ ಹೆಸರುಗಳ ಮುಂದೆ ಒಂದೊಂದು ಅಂಕಿ ಮೊಬೈಲಿಗೇ ಬರುತ್ತದೆ. ಟ್ಯೂಮರ್ ಮಾರ್ಕರ್ ಎಂದು ಕರೆಯುವ ಈ ಸುಳಿವುಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ಕುರುಡು ನೀಗಿದ ಕಥೆಯಾಗಿ ಹೇಳುತ್ತಾರೆ. ಆದರೆ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರೆ ಬೇರೊಂದು ಸಂಗತಿ ಕಾಣುತ್ತದೆ. ರಕ್ತದಲ್ಲಿ ಸುಳಿವು ಸಿಕ್ಕಿದ್ದರಿಂದ ರೋಗಿಗೆ ಲಾಭವಾದದ್ದು, ಆ ಸುಳಿವನ್ನು ಹಿಡಿದು ಮಾಡಲು ಏನಾದರೂ ಕೆಲಸವಿದ್ದಾಗ ಮಾತ್ರ. ಮಾಡಲು ಏನೂ ಇಲ್ಲದ ಕಡೆ ಸುಳಿವು ಎಷ್ಟೇ ನಿಖರವಾಗಿದ್ದರೂ ಅದು ಆಯಸ್ಸನ್ನು ಹೆಚ್ಚಿಸಲಿಲ್ಲ, ಆತಂಕವನ್ನು ಹೆಚ್ಚಿಸಿತು. ಈ ಮಾತು ಬೆಂಗಳೂರಿನಂಥ ಊರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮೊದಲ ಮಾರ್ಕರ್ ಸಿಕ್ಕಿದ್ದು ರಕ್ತದಲ್ಲಲ್ಲ, ಮೂತ್ರದಲ್ಲಿ. 1845ರ ನವೆಂಬರಿನಲ್ಲಿ ಲಂಡನ್ನಿನ ದಿನಸಿ ವ್ಯಾಪಾರಿಯೊಬ್ಬನ ಮೂತ್ರದ ಮಾದರಿ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ-ರಸಾಯನಜ್ಞನ ಕೈಗೆ ಬಂತು. ಎಲುಬು ನೋವಿನಿಂದ ನರಳುತ್ತಿದ್ದ ಆ ರೋಗಿಯ ಮೂತ್ರದಲ್ಲಿದ್ದ ಪ್ರೋಟೀನು ಬಿಸಿ ಮಾಡಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ಸಾಧಾರಣ ಪ್ರೋಟೀನಿನ ಗುಣವೇ ಅಲ್ಲ ಇದು. ಎರಡು ವರ್ಷದ ನಂತರ ಬೆನ್ಸ್ ಜೋನ್ಸ್ ಅದನ್ನು ಪ್ರಕಟಿಸಿದ. ಇಂದಿಗೂ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾದ ಪರೀಕ್ಷೆಯಲ್ಲಿ ಅವನ ಹೆಸರು ಉಳಿದಿದೆ. ಆದರೆ ಆ ವ್ಯಾಪಾರಿ 1846ರ ಜನವರಿಯಲ್ಲೇ ತೀರಿಕೊಂಡಿದ್ದ. ಆ ಪ್ರೋಟೀನನ್ನು ಹಿಡಿದು ಮುಂದೆ ಮಾಡಲು ವೈದ್ಯರ ಬಳಿ ಏನೂ ಇರಲಿಲ್ಲ. ಮೈಲೋಮಾಕ್ಕೆ ಕೆಲಸ ಮಾಡುವ ಔಷಧ ಬರಲು ಮುಂದೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟೂ ಕಾಲ ಆ ಪರೀಕ್ಷೆ ರೋಗಕ್ಕೆ ಹೆಸರಿಡುವ ಕೆಲಸವನ್ನಷ್ಟೇ ಮಾಡುತ್ತಿತ್ತು.

ಹರಡಿದ ಕ್ಯಾನ್ಸರನ್ನೇ ರಕ್ತದಲ್ಲಿ ಹುಡುಕಿದ ಮೊದಲ ಗಟ್ಟಿ ಪ್ರಯತ್ನ 1938ರದು. ನ್ಯೂಯಾರ್ಕಿನ ಅಲೆಕ್ಸಾಂಡರ್ ಗಟ್‌ಮನ್ ಮತ್ತು ಎಥೆಲ್ ಗಟ್‌ಮನ್, ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಇಳಿದವರ ರಕ್ತದಲ್ಲಿ ಆ್ಯಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರುವುದನ್ನು ತೋರಿಸಿಕೊಟ್ಟರು. ಕ್ಯಾನ್ಸರ್ ಗ್ರಂಥಿಯೊಳಗೇ ಇರುವಷ್ಟು ದಿನ ಈ ಕಿಣ್ವ ರಕ್ತದಲ್ಲಿ ಹೆಚ್ಚಾಗಿ ಕಾಣುತ್ತಿರಲಿಲ್ಲ; ಎಲುಬು ಸೇರಿದ ಮೇಲೆ ಕಾಣುತ್ತಿತ್ತು. ಆರಂಭಿಕ ರೋಗ ಹಿಡಿಯಲು ಇದು ಕೆಲಸಕ್ಕೆ ಬಾರದು, ಹರಡಿದ್ದನ್ನು ಹೇಳಲು ಯೋಗ್ಯ. ಇದು ಬರೀ ಸುದ್ದಿಯಾಗಿ ಉಳಿಯದಿರಲು ಕಾರಣ 1941ರಲ್ಲಿ ಶಿಕಾಗೋದಲ್ಲಿ ನಡೆದ ಕೆಲಸ. ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಇಂಥ ರೋಗಿಗಳ ವೃಷಣ ತೆಗೆದರು, ಇಲ್ಲವೇ ಈಸ್ಟ್ರೋಜನ್ ಕೊಟ್ಟರು. ಕಿಣ್ವದ ಅಂಕಿ ಇಳಿಯಿತು, ಎಲುಬು ನೋವೂ ಇಳಿಯಿತು. ಇದಕ್ಕಾಗಿ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ವೃಷಣ ತೆಗೆಯುವುದು ಸಣ್ಣ ಶಸ್ತ್ರಚಿಕಿತ್ಸೆ. ಸಾಧಾರಣ ಸರ್ಕಾರಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲೂ ಆಗುವಂಥದು. ಅಂದರೆ ಸುಳಿವೂ ಅಗ್ಗ, ಅದರ ಮೇಲೆ ಮಾಡುವ ಕೆಲಸವೂ ಅಗ್ಗ. ಹಾಗಿದ್ದೂ ಮಿತಿ ಬೇಗನೆ ಗೊತ್ತಾಯಿತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 1960ರಿಂದ ನಡೆದ ದೊಡ್ಡ ಅಧ್ಯಯನಗಳಲ್ಲಿ, ಹಾರ್ಮೋನ್ ಚಿಕಿತ್ಸೆಯನ್ನು ಬೇಗ ಶುರು ಮಾಡಿದವರು ನೋವು ಬಂದ ಮೇಲೆ ಶುರು ಮಾಡಿದವರಿಗಿಂತ ಸ್ಪಷ್ಟವಾಗಿ ಹೆಚ್ಚು ಕಾಲ ಬದುಕಲಿಲ್ಲ; ಹೆಚ್ಚು ಈಸ್ಟ್ರೋಜನ್ ತಿಂದವರಲ್ಲಿ ಹೃದಯದ ತೊಂದರೆಯಿಂದ ಸತ್ತವರು ಹೆಚ್ಚಾದರು. ಬೇಗ ತಿಳಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಬಿದ್ದ ಮೊದಲ ಪೆಟ್ಟು ಇದು.

ಇದಕ್ಕೆ ತದ್ವಿರುದ್ಧವಾದ ಸಾಕ್ಷ್ಯವೂ ಅದೇ ಕಾಲದಲ್ಲಿ ಸಿಕ್ಕಿತು. ಇಡೀ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಜಾಗ ಇದು. ಗರ್ಭದ ಮಾಸಿನ ಜೀವಕೋಶಗಳಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್, ಸಾಮಾನ್ಯವಾಗಿ ಮಗುವಿನ ಬದಲು ಮಾಸೇ ಗೊಂಚಲಾಗಿ ಬೆಳೆಯುವ ಮೋಲಾರ್ ಗರ್ಭದ ನಂತರ ಬರುತ್ತದೆ, ಬೇಗನೆ ಶ್ವಾಸಕೋಶಕ್ಕೆ ಹಾರುತ್ತದೆ. 1935ರಲ್ಲಿ ಶುರುವಾದ ನಮ್ಮ ವಾಣಿವಿಲಾಸ ಆಸ್ಪತ್ರೆಯಂಥ ಯಾವ ದೊಡ್ಡ ಹೆರಿಗೆ ಆಸ್ಪತ್ರೆಗೂ ಮೋಲಾರ್ ಗರ್ಭ ಅಪರಿಚಿತವಲ್ಲ. ಈ ಗಡ್ಡೆ ಎಚ್‌ಸಿಜಿ ಎಂಬ ಹಾರ್ಮೋನನ್ನು ಸುರಿಸುತ್ತದೆ. ಬಸುರಿಯ ಮೂತ್ರದಲ್ಲಿ ಇರುವುದೂ ಅದೇ, 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಷ್‌ಹೈಮ್ ಮತ್ತು ಝೋಂಡೆಕ್ ಇಲಿಗಳ ಮೇಲೆ ಪ್ರಯೋಗಿಸಿ ತೋರಿಸಿದ್ದೂ ಅದನ್ನೇ. 1950ರ ದಶಕದ ನಡುವೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಹರಡಿದ ಕೋರಿಯೋಕಾರ್ಸಿನೋಮಾಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟರು. ಎಕ್ಸ್-ರೇಯಲ್ಲಿ ಶ್ವಾಸಕೋಶದ ಕಲೆಗಳು ಮಾಯವಾದವು. ರೋಗಿಗಳು ಗುಣವಾದಂತೆ ಕಂಡರು. ಬೇರೆ ಯಾರಾದರೂ ಅಲ್ಲಿಗೇ ಔಷಧ ನಿಲ್ಲಿಸುತ್ತಿದ್ದರು. ಲಿ ಮಾತ್ರ ಮೂತ್ರದಲ್ಲಿ ಹಾರ್ಮೋನ್ ಇನ್ನೂ ಉಳಿದಿರುವುದನ್ನು ನೋಡಿ, ಅದು ಪೂರ್ತಿ ಇಳಿಯುವವರೆಗೆ ಔಷಧ ಮುಂದುವರಿಸಬೇಕೆಂದು ಹಟ ಹಿಡಿದ. ಗುಣವಾದವರಿಗೆ ವಿಷ ಕೊಡುತ್ತಿದ್ದಾನೆ ಎಂದು ಸಂಸ್ಥೆಯ ಹಿರಿಯರು ಮುನಿದರು, ಅವನು ಅಲ್ಲಿಂದ ಹೊರಹೋಗಬೇಕಾಯಿತು. ಕಾಲ ಕಳೆದಂತೆ ಲೆಕ್ಕ ಸ್ಪಷ್ಟವಾಯಿತು: ಹಾರ್ಮೋನ್ ಉಳಿದಿರುವಾಗಲೇ ಔಷಧ ನಿಲ್ಲಿಸಿದವರಲ್ಲಿ ರೋಗ ಮರಳಿತು, ಲಿಯ ಪಟ್ಟಿನಂತೆ ಕೊನೆಯವರೆಗೆ ಪಡೆದವರು ಬದುಕಿದರು. ಹರಡಿದ ಗಟ್ಟಿ ಗಡ್ಡೆಯೊಂದನ್ನು ಬರೀ ಔಷಧದಿಂದ ಪೂರ್ತಿ ವಾಸಿ ಮಾಡಿದ ಮೊದಲ ನಿದರ್ಶನ ಇದು. 1972ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಲಿ ಕೂಡ ಒಬ್ಬ. ಇಲ್ಲಿ ಮಾರ್ಕರ್ ಗೆದ್ದದ್ದಕ್ಕೆ ಎರಡು ಕಾರಣ ಒಟ್ಟಿಗೆ ಇದ್ದವು: ಕಣ್ಣಿಗೆ ಕಾಣದ ರೋಗವನ್ನೂ ಅಳೆಯುವಷ್ಟು ಸೂಕ್ಷ್ಮವಾದ ಸುಳಿವು, ಮತ್ತು ಆ ಉಳಿಕೆಯನ್ನು ಕೊಲ್ಲಬಲ್ಲ ಔಷಧ. ಒಂದನ್ನು ತೆಗೆದರೆ ಇನ್ನೊಂದು ನಿಷ್ಫಲ.

ಈ ಗೆಲುವಿನ ನಂತರ ಎಲ್ಲ ಕ್ಯಾನ್ಸರಿಗೂ ಒಂದೊಂದು ಎಚ್‌ಸಿಜಿ ಸಿಕ್ಕೀತೆಂಬ ಆಸೆ ಹುಟ್ಟಿದ್ದು ಸಹಜ. ಅಳೆಯುವ ವಿದ್ಯೆಯೂ ಅಷ್ಟರಲ್ಲಿ ಬೆಳೆದಿತ್ತು. ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಗೆ ರೇಡಿಯೋ ಇಮ್ಯುನೋ ಅಸ್ಸೇ ಎಂಬ ವಿಧಾನ ಕಂಡುಹಿಡಿದರು. ವಿಕಿರಣಶೀಲ ಅಯೋಡಿನ್ ಅಂಟಿಸಿದ ಅಣುವನ್ನು ಪ್ರತಿಕಾಯಕ್ಕಾಗಿ ರೋಗಿಯ ರಕ್ತದಲ್ಲಿರುವ ಅಣುವಿನೊಂದಿಗೆ ಪೈಪೋಟಿಗೆ ಬಿಟ್ಟು, ಎಷ್ಟು ಸೋತಿತೆಂದು ಎಣಿಸುವ ಈ ವಿಧಾನ ನ್ಯಾನೋಗ್ರಾಮಿನ ಲೆಕ್ಕದಲ್ಲಿ ಅಳೆಯುತ್ತಿತ್ತು. ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ ಎಚ್‌ಸಿಜಿಯ ಬಳಗಕ್ಕೆ ಸೇರಿದ ಗೊನಾಡೊಟ್ರೋಪಿನ್ ಹಾರ್ಮೋನುಗಳಿಗೆ ಪ್ರತಿಕಾಯ ತಯಾರಿಸಿ ದಶಕಗಳ ಕಾಲ ಅಭ್ಯಾಸ ಮಾಡಿತು. ಅವರ ಗುರಿ ಸಂತಾನೋತ್ಪತ್ತಿಯ ಶಾಸ್ತ್ರ, ಕ್ಯಾನ್ಸರ್ ಅಲ್ಲ. ಆದರೆ ಹಾರ್ಮೋನಿಗೆ ಪ್ರತಿಕಾಯ ಎತ್ತುವ ಕುಶಲತೆ ಈ ಊರಿಗೆ ಹೊಸದಾಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಇತ್ತ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಸಿಇಎ ಎಂಬ ಪ್ರೋಟೀನ್ ಕಂಡರು. 1969ರಲ್ಲಿ ಅವರ ತಂಡ ರಕ್ತದಲ್ಲಿ ಅದನ್ನು ಅಳೆದು, ಕರುಳಿನ ಕ್ಯಾನ್ಸರಿದ್ದ 36 ಜನರಲ್ಲಿ 35 ಮಂದಿಗೆ ಏರಿದೆ ಎಂದು ವರದಿ ಮಾಡಿತು. ಒಂದು ತೊಟ್ಟು ರಕ್ತದಲ್ಲಿ ಕ್ಯಾನ್ಸರ್ ಸಿಕ್ಕಿಬಿಟ್ಟಿತು ಎಂದೇ ಜಗತ್ತು ತಿಳಿಯಿತು. ಬೇರೆ ಪ್ರಯೋಗಾಲಯಗಳು ಅಳೆದಾಗ ಸಿಗರೇಟು ಸೇದುವವರಲ್ಲಿ, ಯಕೃತ್ತಿನ ರೋಗಿಗಳಲ್ಲಿ, ಕರುಳುರಿ ಇರುವವರಲ್ಲಿ, ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರಿನಲ್ಲೂ ಅದು ಏರುವುದು ಕಂಡಿತು. ಆರಂಭಿಕ ಹಂತದ ಕರುಳಿನ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರಲೇ ಇಲ್ಲ. 1980ರಲ್ಲಿ ಅಮೆರಿಕದ ತಜ್ಞರ ಸಮಾವೇಶವೊಂದು ಸಿಇಎ ತಪಾಸಣೆಗೆ ಬೇಡ, ಶಸ್ತ್ರಚಿಕಿತ್ಸೆಯ ನಂತರದ ನಿಗಾಕ್ಕೆ ಇರಲಿ ಎಂದು ತೀರ್ಮಾನಿಸಿತು. ಹೀಗೆ ಮಾರ್ಕರ್ ರೋಗ ಹಿಡಿಯುವ ಹುದ್ದೆ ಕಳೆದುಕೊಂಡು, ರೋಗ ಮರಳಿದೆಯೇ ಹರಡಿದೆಯೇ ಎಂದು ಕಾಯುವ ಹುದ್ದೆಗೆ ಬಂತು.

1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಯನ್ನು ಹಿಡಿಯುವ ಮೊನೊಕ್ಲೋನಲ್ ಪ್ರತಿಕಾಯ ತಯಾರಿಸಿದ ಮೇಲೆ ಮಾರ್ಕರ್‌ಗಳ ಸಾಲೇ ಬಂತು: ಮೇದೋಜೀರಕಕ್ಕೆ ಸಿಎ 19-9, ಸ್ತನಕ್ಕೆ ಸಿಎ 15-3, ಅಂಡಾಶಯಕ್ಕೆ ಸಿಎ 125. ಕೊನೆಯದನ್ನು ಹತ್ತಿರದಿಂದ ನೋಡೋಣ. 1981ರಲ್ಲಿ ಬಾಸ್ಟನ್ನಿನ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಇದರ ಪ್ರತಿಕಾಯ ಪ್ರಕಟಿಸಿದರು. ಸೋಸುತ್ತ ಹೋದ ಪ್ರತಿಕಾಯಗಳಲ್ಲಿ 125ನೆಯದು ಕೆಲಸ ಮಾಡಿದ್ದರಿಂದ ಆ ಸಂಖ್ಯೆ ಅಂಟಿತು. 1983ರಲ್ಲಿ ಅವರು 888 ಆರೋಗ್ಯವಂತರ ರಕ್ತ ಅಳೆದರು. ಅವರಲ್ಲಿ ಶೇಕಡ 1ರಷ್ಟು ಮಂದಿಗೆ ಮಾತ್ರ 35 ಯೂನಿಟ್ ದಾಟಿತ್ತು. ಅಂಡಾಶಯದ ಕ್ಯಾನ್ಸರಿದ್ದ 101 ಮಂದಿಯಲ್ಲಿ ಶೇಕಡ 82ರಷ್ಟು ಜನರಿಗೆ ದಾಟಿತ್ತು. ಇವತ್ತಿಗೂ ನಮ್ಮ ಲ್ಯಾಬಿನ ರಿಪೋರ್ಟಿನಲ್ಲಿ ನಾರ್ಮಲ್ ಎಂಬ ಕಾಲಮ್ಮಿನಲ್ಲಿರುವ 35, ಅಂದು ಅಮೆರಿಕದಲ್ಲಿ ಎಳೆದ ಗೆರೆ. ನಮ್ಮ ಊರಿನ ವಾರ್ಡುಗಳಲ್ಲಿ ಆ ಗೆರೆಯ ಅರ್ಥ ಬದಲಾಗುತ್ತದೆ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಅಂಡಾಶಯದ ಬಳಿ ಗಂಟು, ಸಿಎ 125 ನೂರಾರು ಯೂನಿಟ್: ಹೀಗೆ ಬಂದ ಹೆಂಗಸಿಗೆ ಹರಡಿದ ಅಂಡಾಶಯದ ಕ್ಯಾನ್ಸರ್ ಎಂದು ಬರೆದುಬಿಡುವುದು ಸುಲಭ. ಆದರೆ ಹೊಟ್ಟೆಯ ಕ್ಷಯವೂ ತದ್ವತ್ತಾಗಿ ಹೀಗೆಯೇ ಕಾಣುತ್ತದೆ. ತುಣುಕು ತೆಗೆದು ಬಯಾಪ್ಸಿ ಮಾಡಿದರೆ ಟಿಬಿ ಎಂದು ಬರುತ್ತದೆ, ಸರ್ಕಾರ ಪುಕ್ಕಟೆ ಕೊಡುವ ಮಾತ್ರೆಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಅಂಕಿ ಇಳಿಯುತ್ತದೆ. ಇಂಥ ಪ್ರಕರಣಗಳನ್ನು ಭಾರತದ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಮುಟ್ಟಿನ ದಿನಗಳು ಕೂಡ ಈ ಅಂಕಿಯನ್ನು ಏರಿಸುತ್ತವೆ. ಸಿಎ 19-9 ಎರಡೂ ಬಗೆಯಲ್ಲಿ ದಾರಿ ತಪ್ಪಿಸುತ್ತದೆ: ಕಾಮಾಲೆಯಿದ್ದರೆ ಸುಮ್ಮನೆ ಏರುತ್ತದೆ, ಲೂಯಿಸ್ ಎಂಬ ರಕ್ತಗುಂಪಿನ ಗುಣ ಇಲ್ಲದ ಕೆಲವರಲ್ಲಿ ಕ್ಯಾನ್ಸರ್ ಎಷ್ಟೇ ಬೆಳೆದರೂ ಏರುವುದಿಲ್ಲ.

ಈಗ ಬೆಂಗಳೂರಿನ ಸ್ವಂತ ದಾಖಲೆಗೆ ಬರೋಣ. 1973ರಲ್ಲಿ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆಯಾಗಿ ಆರಂಭವಾಯಿತು. 1980ರಲ್ಲಿ ಅದಕ್ಕೆ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸ್ಥಾನ ಸಿಕ್ಕಿತು. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೊಂಬಾಯಿ, ಮದರಾಸುಗಳ ಜೊತೆಗೆ ಬೆಂಗಳೂರಿನಲ್ಲೂ 1982ರಿಂದ ಜನಸಂಖ್ಯಾಧಾರಿತ ನೋಂದಣಿ ನಡೆಯುತ್ತ ಬಂದಿದೆ. ಕ್ಯಾನ್ಸರ್ ಪ್ರಕರಣವನ್ನು ವೈದ್ಯರು ತಾವಾಗಿ ತಿಳಿಸಬೇಕೆಂಬ ಕಾನೂನಿನ ಕಟ್ಟು ಇರಲಿಲ್ಲ. ಆದ್ದರಿಂದ ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಂ, ಪೆಥಾಲಜಿ ಲ್ಯಾಬುಗಳಿಗೆ ಹೋಗಿ ಕೇಸ್ ಶೀಟುಗಳಿಂದ ವಿವರ ಬರೆದುಕೊಂಡು, ಪಾಲಿಕೆಯ ಮರಣ ದಾಖಲೆಗಳೊಂದಿಗೆ ತಾಳೆ ನೋಡುತ್ತಿದ್ದರು. ಹೀಗೆ ಹೆಕ್ಕಿದ ಲೆಕ್ಕದಲ್ಲಿ 1980ರ ದಶಕದ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಸ್ತನ, ಬಾಯಿ, ಅನ್ನನಾಳ ಅದರ ಹಿಂದೆ ಇದ್ದವು. ಗಂಡಸರಲ್ಲಿ ಜಠರ, ಅನ್ನನಾಳ, ಶ್ವಾಸಕೋಶ ಮುಂದಿದ್ದವು. ಎಲೆ ಅಡಿಕೆ ಹೊಗೆಸೊಪ್ಪಿನ ಊರಿನಲ್ಲಿ ಬಾಯಿಯ ಕ್ಯಾನ್ಸರ್ ಹೆಂಗಸರಲ್ಲೂ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಈ ಪಟ್ಟಿಯನ್ನು ಮಾರ್ಕರ್‌ಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಎರಡಕ್ಕೂ ಹೊಂದಿಕೆ ಕಡಿಮೆ. ಬಾಯಿಗಾಗಲಿ ಅನ್ನನಾಳಕ್ಕಾಗಲಿ ನಂಬಿ ನಡೆಯಬಹುದಾದ ರಕ್ತದ ಮಾರ್ಕರ್ ಇಲ್ಲ. ಗರ್ಭಕಂಠಕ್ಕೆ ಜಪಾನಿನ ಕಾಟೋ ಮತ್ತು ತೊರಿಗೋಯೆ 1977ರಲ್ಲಿ ಎಸ್‌ಸಿಸಿ ಆ್ಯಂಟಿಜೆನ್ ಕಂಡುಹಿಡಿದರಾದರೂ ಚಿಕಿತ್ಸೆಯ ದಾರಿ ನಿರ್ಧರಿಸುವಷ್ಟು ಅದು ಬೆಳೆಯಲಿಲ್ಲ. ಆಗ ಈ ಊರನ್ನು ಹೆಚ್ಚು ಕಾಡಿದ ಕ್ಯಾನ್ಸರ್‌ಗಳಿಗೆ ಬೇಕಿದ್ದದ್ದು ರಕ್ತದ ಟ್ಯೂಬಲ್ಲ, ಬಾಯಿ ತೆರೆಸಿ ಟಾರ್ಚ್ ಹಿಡಿಯುವವರು, ಗರ್ಭಕಂಠ ಪರೀಕ್ಷಿಸುವ ನರ್ಸು, ರೇಡಿಯೇಷನ್ ಯಂತ್ರ. ಗರ್ಭಕಂಠದ ಕ್ಯಾನ್ಸರಿನ ರೋಗಿಗಳು ಎಷ್ಟು ವರ್ಷ ಬದುಕಿದರೆಂದು ಬೆಂಗಳೂರು ನೋಂದಣಿಯವರು ಲೆಕ್ಕ ಹಾಕಿದಾಗಲೂ, ರೋಗ ಪತ್ತೆಯಾದಾಗ ಯಾವ ಹಂತದಲ್ಲಿತ್ತು ಎಂಬುದೇ ಆಯಸ್ಸನ್ನು ಮುಖ್ಯವಾಗಿ ನಿರ್ಧರಿಸುತ್ತಿತ್ತು.

ಮುಂದೆ ಸ್ತನ ಕ್ಯಾನ್ಸರ್ ಗರ್ಭಕಂಠವನ್ನು ಹಿಂದಿಕ್ಕಿತು. 1990ರ ದಶಕದ ನಂತರ ತಾನಾಗಿ ಓಡುವ ಯಂತ್ರಗಳು, ವಿಕಿರಣ ಬೇಡದ ಕಿಟ್‌ಗಳು ಬಂದು ಮಾರ್ಕರ್ ಪರೀಕ್ಷೆ ಬಡಾವಣೆಯ ಲ್ಯಾಬಿಗೂ ಇಳಿಯಿತು. ಆಪರೇಷನ್, ಕೀಮೋ, ರೇಡಿಯೇಷನ್ ಮುಗಿಸಿದವರು ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದು ರೂಢಿಯಾಯಿತು. ಹರಡಿದ್ದನ್ನು ಮೊದಲೇ ಹಿಡಿದರೆ ಜೀವ ಉಳಿಯುತ್ತದೆ ಎಂಬುದೇ ಅದರ ಹಿಂದಿನ ತರ್ಕ. ಈ ತರ್ಕವನ್ನು ಒರೆಗೆ ಹಚ್ಚಿದ ಪ್ರಯೋಗಗಳು ಏನು ಹೇಳಿದವು? ಬ್ರಿಟನ್ನಿನಲ್ಲಿ 1982ರಿಂದ ಕರುಳಿನ ಕ್ಯಾನ್ಸರಿನ ಆಪರೇಷನ್ ಆದವರ ಸಿಇಎ ಅಳೆಯುತ್ತ ಬಂದರು. ಏರಿದ 216 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, 108 ಮಂದಿಯ ಸರ್ಜನ್‌ಗಳಿಗೆ ಮಾತ್ರ ಸುದ್ದಿ ತಿಳಿಸಿ ಮತ್ತೊಮ್ಮೆ ಹೊಟ್ಟೆ ತೆರೆದು ನೋಡಲು ಹೇಳಿದರು. ಉಳಿದ 108 ಮಂದಿಯ ವೈದ್ಯರಿಗೆ ಅಂಕಿ ತಿಳಿಯಲೇ ಇಲ್ಲ. 1993ರ ಫೆಬ್ರವರಿ ಹೊತ್ತಿಗೆ ಮೊದಲ ಗುಂಪಿನಲ್ಲಿ 91, ಎರಡನೆಯದರಲ್ಲಿ 88 ಮಂದಿ ತೀರಿಕೊಂಡಿದ್ದರು. ಅಧ್ಯಯನ ಅಲ್ಲಿಗೇ ನಿಂತಿತು. ಅದರ ಪೂರ್ಣ ವರದಿ ಪ್ರಕಟವಾಗಲು 2014 ಬರಬೇಕಾಯಿತು. ಆ ಇಪ್ಪತ್ತು ವರ್ಷ ಜಗತ್ತು ಮಾತ್ರ ಸಿಇಎ ಅಳೆಯುತ್ತಲೇ ಇತ್ತು. ಸ್ತನ ಕ್ಯಾನ್ಸರಿನಲ್ಲಿ ಇಟಲಿಯ 1,320 ಹೆಂಗಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂಳೆ ಸ್ಕ್ಯಾನ್, ಎಕ್ಸ್-ರೇ, ರಕ್ತಪರೀಕ್ಷೆಗಳನ್ನು ಪಾಳಿಯಂತೆ ಮಾಡಿಸಿಕೊಂಡವರೂ, ಮಾಮೂಲಿ ತಪಾಸಣೆಗೆ ಬಂದು ತೊಂದರೆ ಕಂಡಾಗ ಮಾತ್ರ ಪರೀಕ್ಷೆ ಮಾಡಿಸಿಕೊಂಡವರೂ ಒಂದೇ ಸಮ ಬದುಕಿದರು.

ಅತ್ಯಂತ ನಿಚ್ಚಳವಾದ ಉತ್ತರ ಬಂದದ್ದು 2010ರಲ್ಲಿ, ಸಿಎ 125ರಿಂದಲೇ. ಬ್ರಿಟನ್ ಮತ್ತು ಯುರೋಪಿನ ಈ ಅಧ್ಯಯನದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಮೊದಲ ಸುತ್ತಿನ ಚಿಕಿತ್ಸೆ ಮುಗಿದು ಅಂಕಿ ನಾರ್ಮಲ್ ಆಗಿದ್ದ 1,442 ಹೆಂಗಸರು ಸೇರಿದ್ದರು. ಮೂರು ತಿಂಗಳಿಗೊಮ್ಮೆ ರಕ್ತ ತೆಗೆದರೂ ಫಲಿತಾಂಶವನ್ನು ರೋಗಿಗೂ ವೈದ್ಯರಿಗೂ ಹೇಳಲಿಲ್ಲ. ಅಂಕಿ ಮಿತಿಯ ಎರಡರಷ್ಟಾದ 529 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸುದ್ದಿ ತಿಳಿಸಿ ಕೀಮೋ ಶುರು ಮಾಡಿದರು; ಉಳಿದವರಿಗೆ ಹೊಟ್ಟೆಯುಬ್ಬರವೋ ನೋವೋ ಬಂದ ಮೇಲೆ ಶುರು ಮಾಡಿದರು. ಮೊದಲ ಗುಂಪಿಗೆ ಕೀಮೋ ಸುಮಾರು ಐದು ತಿಂಗಳು ಮುಂಚೆ ಶುರುವಾಯಿತು. ಗುಂಪು ಮಾಡಿದ ದಿನದಿಂದ ಎಣಿಸಿದರೆ ಮೊದಲ ಗುಂಪಿನವರು ಮಧ್ಯಮ ಲೆಕ್ಕದಲ್ಲಿ 25.7 ತಿಂಗಳು ಬದುಕಿದರು, ಎರಡನೆಯವರು 27.1 ತಿಂಗಳು. ಅಂತರ ಲೆಕ್ಕಕ್ಕೆ ಬರುವಂಥದಲ್ಲ, ಇದ್ದರೂ ಬೇಗ ತಿಳಿದವರ ಪರವಾಗಿಲ್ಲ. ಬೇಗ ತಿಳಿದವರು ಹೆಚ್ಚು ಸುತ್ತು ಕೀಮೋ ತೆಗೆದುಕೊಂಡರು, ಅವರ ಬದುಕಿನ ಗುಣಮಟ್ಟ ಬೇಗ ಕುಸಿಯಿತು. ಅಂಕಿ ಹೇಳಿದ್ದು ಸುಳ್ಳಲ್ಲ: ರೋಗ ನಿಜಕ್ಕೂ ಮರಳಿತ್ತು, ಮಾರ್ಕರ್ ಅದನ್ನು ತಿಂಗಳುಗಟ್ಟಲೆ ಮೊದಲೇ ಕಂಡಿತ್ತು. ಹಾಗಾದರೆ ಬೇಗ ಪತ್ತೆಯಾದವರೇ ಹೆಚ್ಚು ಕಾಲ ಬದುಕಿದಂತೆ ಆಸ್ಪತ್ರೆಗಳ ಅನುಭವಕ್ಕೆ ಯಾಕೆ ಕಾಣುತ್ತದೆ? ರೋಗ ಮರಳಿದೆಯೆಂದು ಒಬ್ಬಳಿಗೆ ಯುಗಾದಿಗೆ ಗೊತ್ತಾಯಿತು, ಅದೇ ಸ್ಥಿತಿಯ ಇನ್ನೊಬ್ಬಳಿಗೆ ಗೌರಿ ಹಬ್ಬಕ್ಕೆ ಗೊತ್ತಾಯಿತು, ಇಬ್ಬರೂ ಮುಂದಿನ ಸಂಕ್ರಾಂತಿಯವರೆಗೆ ಬದುಕಿದರು ಎಂದಿಟ್ಟುಕೊಳ್ಳಿ. ರೋಗ ತಿಳಿದ ದಿನದಿಂದ ಎಣಿಸಿದರೆ ಮೊದಲನೆಯವಳು ಹೆಚ್ಚು ಬದುಕಿದಂತೆ ತೋರುತ್ತದೆ. ಹೆಚ್ಚಾದದ್ದು ಆಯಸ್ಸಲ್ಲ, ರೋಗಿಯೆಂದು ತಿಳಿದು ಬದುಕಿದ ತಿಂಗಳುಗಳು. ಚೀಟಿ ಎತ್ತಿದಂತೆ ಗುಂಪು ಮಾಡುವ ಪ್ರಯೋಗಗಳಿಲ್ಲದೆ ಈ ಭ್ರಮೆ ಒಡೆಯುವುದಿಲ್ಲ.

ಈ ವಾದಕ್ಕೆ ನ್ಯಾಯವಾದ ಆಕ್ಷೇಪಗಳಿವೆ. ತನ್ನ ದೇಹದ ಸತ್ಯ ತಿಳಿಯುವುದು ರೋಗಿಯ ಹಕ್ಕು, ಅದನ್ನು ಲಾಭನಷ್ಟದಲ್ಲಿ ತೂಗುವುದು ಸರಿಯೇ ಎಂಬುದು ಮೊದಲನೆಯದು. ಹಕ್ಕು ನಿಜ. ಮಗಳ ಮದುವೆ, ಆಸ್ತಿಯ ವಿಲೇವಾರಿ, ಕಾಶಿಯಾತ್ರೆ, ಯಾವುದನ್ನು ಮುಂದಿಡಬೇಕೆಂದು ತೀರ್ಮಾನಿಸಲು ಆ ಅರಿವು ಬೇಕಾಗಬಹುದು. ಆದರೆ ಹಕ್ಕೆಂದರೆ ಆಯ್ಕೆ. ಪರೀಕ್ಷೆಯಿಂದ ಆಯಸ್ಸು ಹೆಚ್ಚುತ್ತದೆಂದು ನಂಬಿಸಿ ಬರೆದುಕೊಡುವ ಚೀಟಿಯಲ್ಲಿ ಆಯ್ಕೆಯಿಲ್ಲ. ಎರಡನೆಯ ಆಕ್ಷೇಪ ದುಡ್ಡಿನದು: ಸಾವಿರಾರು ರೂಪಾಯಿಯ ಪೆಟ್ ಸ್ಕ್ಯಾನಿಗಿಂತ ರಕ್ತಪರೀಕ್ಷೆ ಅಗ್ಗ, ಬಡ ದೇಶಕ್ಕೆ ಇದೇ ಲೇಸು ಎಂಬುದು. ಟ್ಯೂಬಿನ ಬೆಲೆಯನ್ನಷ್ಟೇ ನೋಡಿದರೆ ಹೌದು. ಆದರೆ ಏರಿದ ಒಂದು ಅಂಕಿ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಮರುಪರೀಕ್ಷೆ, ಸ್ಕ್ಯಾನು, ಬಯಾಪ್ಸಿ, ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬರುವ ಬಸ್ಸಿನ ಖರ್ಚು, ಕೂಲಿ ತಪ್ಪಿದ ದಿನಗಳು ಬರುತ್ತವೆ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು: ಹಳೆಯ ಪ್ರಯೋಗಗಳು ಹಳೆಯ ಔಷಧಗಳ ಕಾಲದವು, ಈಗ ಚಿಕಿತ್ಸೆ ಬದಲಾಗಿದೆ, ಬೇಗ ತಿಳಿದರೆ ಈಗ ಲಾಭವಿರಬಹುದು ಎಂಬುದು.

ಈ ಮಾತನ್ನು ತಳ್ಳಿಹಾಕಲಾಗದು. ಕರುಳಿನ ಕ್ಯಾನ್ಸರಿನಲ್ಲಿ ಅದು ಭಾಗಶಃ ನಿಜವೂ ಆಗಿದೆ. ಯಕೃತ್ತಿಗೆ ಹಾರಿದ ಒಂದೆರಡು ಗಂಟುಗಳನ್ನು ಈಗ ಕತ್ತರಿಸಿ ತೆಗೆಯಬಹುದು, ಕೆಲವರು ಪೂರ್ತಿ ವಾಸಿಯಾಗುತ್ತಾರೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ 1,202 ರೋಗಿಗಳ ಅಧ್ಯಯನದಲ್ಲಿ, ನಿಗಾ ಕಡಿಮೆಯಿದ್ದ ಗುಂಪಿನಲ್ಲಿ ಮರಳಿದ ರೋಗಕ್ಕೆ ವಾಸಿ ಮಾಡುವ ಉದ್ದೇಶದ ಆಪರೇಷನ್ ಶೇಕಡ 2.3ರಷ್ಟು ಜನರಿಗೆ ಆದರೆ, ಸಿಇಎ ಅಳೆಯುತ್ತಿದ್ದ ಗುಂಪಿನಲ್ಲಿ ಶೇಕಡ 6.7ರಷ್ಟು ಜನರಿಗೆ ಆಯಿತು. ಒಟ್ಟು ಸಾವಿನ ಲೆಕ್ಕದಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಹೀಗಾಗಿ ಕರುಳಿನ ಕ್ಯಾನ್ಸರಿನಲ್ಲಿ, ಮತ್ತೊಂದು ಆಪರೇಷನ್ ತಾಳಿಕೊಳ್ಳುವ ಶಕ್ತಿಯಿರುವವರಿಗೆ ಮೊದಲ ಕೆಲವು ವರ್ಷ ಸಿಇಎ ಅಳೆಯುವುದನ್ನು ತಜ್ಞರು ಈಗಲೂ ಒಪ್ಪುತ್ತಾರೆ. ಸ್ತನ ಕ್ಯಾನ್ಸರಿನಲ್ಲಿ, ಚಿಕಿತ್ಸೆ ಮುಗಿದು ಯಾವ ತೊಂದರೆಯೂ ಇಲ್ಲದವರಿಗೆ ಸಿಎ 15-3 ಅಳೆಯಬೇಡಿ ಎಂದು ಅದೇ ತಜ್ಞರು ಹೇಳುತ್ತಾರೆ. ವೃಷಣದ ಗಡ್ಡೆಯಲ್ಲಿ ಎಚ್‌ಸಿಜಿ ಮತ್ತು ಎಎಫ್‌ಪಿ ಎಂಬ ಮಾರ್ಕರ್‌ಗಳ ಅಳತೆಯಿಲ್ಲದೆ ಚಿಕಿತ್ಸೆಯೇ ನಡೆಯುವುದಿಲ್ಲ, ಯಾಕೆಂದರೆ ಹರಡಿದ ಮೇಲೂ ಅದು ಬಹುಪಾಲು ವಾಸಿಯಾಗುವ ರೋಗ. ಪ್ರಾಸ್ಟೇಟ್ ತೆಗೆಸಿದವರಲ್ಲಿ ಪಿಎಸ್‌ಎ, ಥೈರಾಯ್ಡ್ ತೆಗೆಸಿದವರಲ್ಲಿ ಥೈರೊಗ್ಲೋಬ್ಯುಲಿನ್ ಅರ್ಥಪೂರ್ಣ, ಯಾಕೆಂದರೆ ಆ ಅಂಗವೇ ಇಲ್ಲದ ಮೇಲೆ ಅಂಕಿ ಏರಿದರೆ ಬೇರೆ ವಿವರಣೆಗಳು ಕಡಿಮೆ. ಈಗಾಗಲೇ ಹರಡಿದ ರೋಗಕ್ಕೆ ಕೀಮೋ ನಡೆಯುವಾಗ ಔಷಧ ಹಿಡಿಯುತ್ತಿದೆಯೇ ಎಂದು ನೋಡಲು, ಸ್ಕ್ಯಾನಿನ ಜೊತೆಯಲ್ಲಿಟ್ಟು ಮಾರ್ಕರ್ ಓದುವುದೂ ಸರಿಯಾದ ಬಳಕೆ. ಅಲ್ಲಿಯೂ ಒಂದೇ ಸಲದ ಅಂಕಿಗೆ ಬೆಲೆಯಿಲ್ಲ. ಪೇಟೆಯ ವ್ಯಾಪಾರಿ ಒಂದು ದಿನದ ಗಲ್ಲಾ ಎಣಿಸಿ ವರ್ಷದ ಲಾಭ ಹೇಳುವುದಿಲ್ಲ. ಹಾಗೆಯೇ ಮಾರ್ಕರ್‌ನಲ್ಲಿ ನೋಡಬೇಕಾದದ್ದು ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಅಳೆದ ಅಂಕಿಗಳ ಏರಿಳಿತ.

ಹೊಸ ತಲೆಮಾರಿನ ಪರೀಕ್ಷೆ ಗಡ್ಡೆಯಿಂದ ಉದುರಿ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಹುಡುಕುತ್ತದೆ. ಇದು ಸಿಇಎ ತರಹ ಮೋಸ ಮಾಡುವುದು ಕಡಿಮೆ, ಯಾಕೆಂದರೆ ಆ ರೋಗಿಯ ಗಡ್ಡೆಯದೇ ತಪ್ಪಕ್ಷರಗಳನ್ನು ಅದು ಓದುತ್ತದೆ. 2022ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಡೈನಮಿಕ್ ಅಧ್ಯಯನದಲ್ಲಿ ಎರಡನೆಯ ಹಂತದ ಕರುಳಿನ ಕ್ಯಾನ್ಸರ್ ತೆಗೆಸಿದ 455 ಮಂದಿ ಇದ್ದರು. ಡಿಎನ್‌ಎ ಸಿಕ್ಕವರಿಗೆ ಮಾತ್ರ ಕೀಮೋ ಕೊಟ್ಟಾಗ, ಕೀಮೋ ಪಡೆದವರ ಪಾಲು ಶೇಕಡ 28ರಿಂದ 15ಕ್ಕೆ ಇಳಿಯಿತು. ರೋಗ ಮರಳದೆ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹತ್ತಿರ ಹತ್ತಿರ ಒಂದೇ ಇತ್ತು. ಇಲ್ಲಿ ಪರೀಕ್ಷೆಯ ಲಾಭ ಬಂದದ್ದು ಹೆಚ್ಚು ಚಿಕಿತ್ಸೆಯಿಂದಲ್ಲ, ಬೇಡದ ಚಿಕಿತ್ಸೆ ತಪ್ಪಿದ್ದರಿಂದ. ಅದೇ ಕಾಲಕ್ಕೆ, 2021ರಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯವಂತ ಹೆಂಗಸರ ಮೇಲೆ ಬ್ರಿಟನ್ ನಡೆಸಿದ ಅಧ್ಯಯನ, ಸಿಎ 125 ಹಿಡಿದು ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹುಡುಕಿದರೂ ಆ ಕ್ಯಾನ್ಸರಿನಿಂದಾಗುವ ಸಾವು ಕಡಿಮೆಯಾಗಲಿಲ್ಲ ಎಂದು ಹೇಳಿತು. ಹಾಗಿದ್ದೂ ನಮ್ಮಲ್ಲಿ ಹಬ್ಬದ ರಿಯಾಯಿತಿಯ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಮಾರ್ಕರ್‌ಗಳು ಸೇರಿಕೊಳ್ಳುತ್ತಿವೆ. ಯಂತ್ರ ಹೊಸದಾದರೂ ಅದನ್ನು ಕೇಳಬೇಕಾದ ಪ್ರಶ್ನೆ 1938ರದೇ.

ಆ ಪ್ರಶ್ನೆಯನ್ನು ರಕ್ತ ಕೊಡುವ ಮುಂಚೆ ಕೇಳಬೇಕು, ರಿಪೋರ್ಟ್ ಬಂದ ಮೇಲಲ್ಲ: ಈ ಅಂಕಿ ಏರಿದರೆ ಏನು ಮಾಡುತ್ತೀರಿ, ಏರದಿದ್ದರೆ ಏನು ಬಿಡುತ್ತೀರಿ? ಎರಡಕ್ಕೂ ವೈದ್ಯರ ಬಳಿ ಉತ್ತರವಿದ್ದರೆ ಪರೀಕ್ಷೆ ಮಾಡಿಸಬೇಕು. ಅದಕ್ಕಾಗಿ ಸರ್ಕಾರದ ವಿಮಾ ಯೋಜನೆಗಳು ದುಡ್ಡು ಕೊಡುವುದೂ ನ್ಯಾಯ. ಉತ್ತರವಿಲ್ಲದಿದ್ದರೆ ಆ ಟ್ಯೂಬಿಗೆ ಹೋಗುವ ಹಣವನ್ನು ಈ ಊರಿನ ನೋಂದಣಿ ನಾಲ್ಕು ದಶಕಗಳಿಂದ ಬೆರಳಿಟ್ಟು ತೋರಿಸುತ್ತಿರುವ ಕಡೆಗೆ ತಿರುಗಿಸುವುದು ಮೇಲು. ಬಾಯಿಯ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣುಗಳನ್ನು ಗುರುತಿಸಲು, ಹೆಂಗಸರ ಗರ್ಭಕಂಠ ಪರೀಕ್ಷೆಗೆ, ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಗೆ ಮಾಡಿದ ಖರ್ಚು ಹರಡುವ ಮೊದಲೇ ರೋಗವನ್ನು ತಡೆಯುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಮಾರ್ಕರ್‌ಗಳನ್ನು ಬೇಡವೆನ್ನುವ ವಾದ ಇದಲ್ಲ. ಮಿನ್ ಚಿಯು ಲಿಯಂತೆ ಅಂಕಿಯನ್ನು ನಂಬಿ ಹಟ ಹಿಡಿಯಬೇಕಾದ ಜಾಗಗಳು ಇವೆ, ಅಲ್ಲಿ ಹಿಡಿಯಲೇಬೇಕು. ಅವನ ಹಟಕ್ಕೆ ಬಲ ಬಂದದ್ದು ಕೈಯಲ್ಲಿ ಮದ್ದು ಇದ್ದದ್ದರಿಂದ ಎಂಬುದನ್ನು ಮರೆತು, ಅವನ ಗೆಲುವನ್ನು ಎಲ್ಲ ಕ್ಯಾನ್ಸರಿಗೂ ಹಂಚಿಬಿಟ್ಟದ್ದೇ ಮುಂದಿನ ಅರವತ್ತು ವರ್ಷಗಳ ಗೊಂದಲಕ್ಕೆ ಮೂಲ.